ದೀನರ ಪಟ್ಟಿಗೆ ಸಹಿ

ಅರ್ಜಿ ಬರೆಯುವವನ ಕನ್ನಡವೇ ಬೇರೆ. ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತು, ನಮ್ಮ ಕುಟುಂಬದಲ್ಲೇ ಮೊದಲಿಗನಾಗಿ ಬಿ.ಎ. ಮುಗಿಸಿದ ನನಗೆ ಆ ಕನ್ನಡದ ಮೇಲೆ ವಿಪರೀತ ಹೆಮ್ಮೆ. ಯಾರಾದರೂ "ನಳ್ಳಿ ನೀರು ಬೇಕು" ಎಂದು ಬಂದರೆ ಅದನ್ನು "ಜಲಾಭಾವದಿಂದ ತತ್ತರಿಸುತ್ತಿರುವ ನಾಗರಿಕರ ಆರ್ತನಾದ" ಮಾಡಿ ಕಳುಹಿಸುತ್ತಿದ್ದೆ. ನಳ್ಳಿ ಬಂದದ್ದು ಕಡಿಮೆ. ಆದರೆ ಆರ್ತನಾದವನ್ನು ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರೆಂಬ ಸುದ್ದಿ ಬರುತ್ತಿತ್ತು. ನನಗೆ ಅಷ್ಟೇ ಸಾಕಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಡಂತ್ಯಾರಿನ ಹತ್ತಿರ ಹೈಸ್ಕೂಲು ಮಾಸ್ಟ್ರು. ಊರಿನ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ, ಹವಾಲ್ದಾರ್ ಧರ್ಣಪ್ಪಣ್ಣ, ಒಂದು ದಿನ ಫಾರಂ ಹಿಡಿದುಕೊಂಡು ಬಂದರು. ಪಿಂಚಣಿಯ ಕಾಗದಕ್ಕೂ ಕಣ್ಣಿನ ಡಾಕ್ಟರಿಗೂ ಮಂಗಳೂರಿಗೇ ಹೋಗಬೇಕು. ಬಿ.ಸಿ.ರೋಡಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎಪ್ಪತ್ತು ದಾಟಿದವರೂ ನಿಂತೇ ಹೋಗುವುದು. ತಿಂಗಳಿಗೆರಡು ಸಲ ಜೀಪು ಗೊತ್ತುಮಾಡಲು ಸರಕಾರದ ಅನುದಾನ ಉಂಟಂತೆ. ಫಲಾನುಭವಿಗಳ ಪಟ್ಟಿ, ಅವರವರ ಸಹಿಯೊಂದಿಗೆ, ಸೋಮವಾರದೊಳಗೆ ತಲುಪಬೇಕು. ಇಲ್ಲವಾದರೆ ಜೀಪು ಇಲ್ಲ.

'ಫಲಾನುಭವಿ' ಎಂಬುದು ನನಗೆ ತೀರಾ ಸಪ್ಪೆಯೆನಿಸಿತು. ತಲೆಬರಹವನ್ನು ತಿದ್ದಿದೆ: "ದೀನ, ಅಶಕ್ತ ಹಾಗೂ ನಿರ್ಗತಿಕ ಮಾಜಿ ಸೈನಿಕರ ಪಟ್ಟಿ."

ಭಾನುವಾರ ಶಾಲೆಯಲ್ಲಿ ಸಭೆ. ಇಸ್ತ್ರಿ ಅಂಗಿ ಹಾಕಿಕೊಂಡು ಎಲ್ಲರೂ ಸಮಯಕ್ಕೆ ಮುಂಚೆಯೇ ಬಂದಿದ್ದರು. ನಾನು ಭಾವ ತುಂಬಿ ಓದಿದೆ. ಯಾರೂ ಪೆನ್ನು ಮುಟ್ಟಲಿಲ್ಲ.

"ಈ ನಿರ್ಗತಿಕ ಯಾರು ಮಾಸ್ಟ್ರೆ?" ಎಂದರು ಧರ್ಣಪ್ಪಣ್ಣ.

"ಅದು ಬರೆಯುವ ಕ್ರಮ."

"ಎಂತ ಕ್ರಮ ಮಾರಾಯ್ರೆ? ನಾನು ಅಶಕ್ತನಾ? ಈ ಬೆಂಚನ್ನು ಆ ಕಡೆಯಿಂದ ಹಿಡಿಯಿರಿ, ಎತ್ತುವ."

ಅವರ ಕಡೆ ಎದ್ದಿತು. ನನ್ನ ಕಡೆ ಏಳಲಿಲ್ಲ.

ಮುಂದಿನ ಸಾಲಿನವರೊಬ್ಬರು ಪಕ್ಕದವರನ್ನು ತೋರಿಸಿದರು. "ಇವನ ಹೆಸರು ಹಾಕಿ, ಇವನಿಗೆ ಕಣ್ಣು ಕಾಣುವುದಿಲ್ಲ."

"ಯಾರಿಗೆ? ನೀನು ಬಟನ್ ತಪ್ಪು ಹಾಕಿಕೊಂಡು ಬಂದದ್ದು ಚೆಂದ ಕಾಣ್ತಾ ಉಂಟು!"

ಆಗ ಹಿಂದಿನ ಬೆಂಚಿನಿಂದ ಐಸಮ್ಮ ಎದ್ದರು. ಗಂಡ ಸೈನ್ಯದಲ್ಲಿ ಡ್ರೈವರಾಗಿದ್ದವರು, ತೀರಿಹೋಗಿದ್ದರು. "ನಾನು ಹೆಬ್ಬೆಟ್ಟು ಒತ್ತುತ್ತೇನೆ. ಪಿಂಚಣಿ ಬಾರದೆ ಎಂಟು ತಿಂಗಳಾಯಿತು. ಅಷ್ಟು ದೂರ ಒಬ್ಬಳೇ ಹೋದರೆ ಎಂತ ಕೇಳಬೇಕೂಂತ ಗೊತ್ತಾಗುವುದಿಲ್ಲ. ಆದರೆ ಮಾಸ್ಟ್ರೆ, ಮೇಲೆ ಬರೆದದ್ದು ಎಂತ? ತುಳುವಿನಲ್ಲಿ ಹೇಳಿ."

ನಾನು ಬಾಯಿ ತೆರೆದೆ. ಕನ್ನಡದಲ್ಲಿ ಸಲೀಸಾಗಿ ಬಂದ ಆ ಮೂರು ಶಬ್ದಗಳನ್ನು ತುಳುವಿನಲ್ಲಿ ಆ ಹೆಂಗಸಿನ ಮುಖ ನೋಡಿ ಹೇಳಲು ಆಗಲಿಲ್ಲ. ಇವನ್ನು ನಾನು ಕಲಿತದ್ದಾದರೂ ಎಲ್ಲಿ? ಕಾಲೇಜಿನ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ. ವರ್ಷ ವರ್ಷವೂ "ದೀನನೂ ನಿರ್ಗತಿಕನೂ ಆದ ಕೂಲಿಯವನ ಮಗ" ಎಂದು ನಾನೇ ಬರೆಯುತ್ತಿದ್ದೆ. ಕೆಳಗೆ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. "ಎಂತ ಬರೆದಿದ್ದೀ?" ಎಂದು ಅವರು ಕೇಳಲಿಲ್ಲ. ಮಗ ಓದಿದವನು, ಒಳ್ಳೆಯದನ್ನೇ ಬರೆದಿರುತ್ತಾನೆ ಎಂಬ ನಂಬಿಕೆ.

ಹಾಳೆ ಹರಿದು ಬೇರೆ ಬರೆದೆ: "ಸೈನ್ಯದಲ್ಲಿ ಕೆಲಸ ಮಾಡಿದವರು ಮತ್ತು ಅವರ ಮನೆಯವರು. ಮಂಗಳೂರಿಗೆ ಹೋಗಿಬರಲು ಜೀಪು ಬೇಕು." ಅದನ್ನು ತುಳುವಿನಲ್ಲೂ ಹೇಳಿದೆ. ಐಸಮ್ಮ ಮೊದಲು ಹೆಬ್ಬೆಟ್ಟು ಒತ್ತಿದರು. ಅವರ ಹಿಂದೆ, ಯಾರೂ ಹೇಳದೆಯೇ, ಸಾಲು ನಿಂತಿತು. ನನ್ನ ಬರವಣಿಗೆಯಲ್ಲೇ ಅತ್ಯಂತ ಸಪ್ಪೆಯಾದ ಆ ಅರ್ಜಿ ಮಂಜೂರಾಯಿತು.

ಜೀಪಿನ ಮೊದಲ ದಿನ ನಾನು ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಬಿ.ಸಿ.ರೋಡಿನಲ್ಲಿ ಮಂಗಳೂರು ಬಸ್ಸಿಗೆ ಕಾಯುತ್ತಿದ್ದೆ. ಜೀಪು ನಿಂತಿತು. ಐಸಮ್ಮ ಕಾಗದದ ಕಟ್ಟನ್ನು ಮಡಿಲಿಗೆ ಎತ್ತಿಕೊಂಡು ಜಾಗ ಮಾಡಿದರು. "ಹತ್ತಿ ಮಾಸ್ಟ್ರೆ," ಎಂದರು ಧರ್ಣಪ್ಪಣ್ಣ, "ಮುಖ ಬಾತಿದೆಯಲ್ಲ!"

"ಛೆ, ನನಗೆಂತ ಆಗಿದೆ? ಇಲ್ಲೇ ಸ್ವಲ್ಪ ಕೆಲಸ ಉಂಟು" ಎಂದೆ.

ಜೀಪು ಕಣ್ಮರೆಯಾಗುವವರೆಗೆ ಕಾದು, ಅದರ ಹಿಂದೆ ಬಂದ ಬಸ್ಸಿನಲ್ಲಿ ಮಂಗಳೂರಿನವರೆಗೂ ನೇತಾಡಿಕೊಂಡು ಹೋದೆ.