ಯಾವ ಷಡಕ್ಷರಿ?

“ಇನ್ಮೇಲೆ ನಮ್ಮ ವಠಾರಕ್ಕೆ ಒಂದು ಸೊಳ್ಳೆ ಕೂಡ ಅಪ್ಪಣೆ ಇಲ್ದೆ ಬರೋ ಹಾಗಿಲ್ಲ!” ಎಂದು ಷಡಕ್ಷರಿಯವರು ಸಾರಿದಾಗ ಅವರ ಮೂಗಿನ ಮೇಲೆಯೇ ಒಂದು ಸೊಳ್ಳೆ ಕೂತಿತ್ತು. ಹೆಂಡತಿ ಸರ್ವಮಂಗಳಮ್ಮ ಅದನ್ನು ನೋಡಿಯೂ ನೋಡದಂತಿದ್ದರು. ಗಂಡನ ಯಂತ್ರಗಳ ವಿಷಯದಲ್ಲಿ ಬಾಯಿ ಹಾಕಬಾರದೆಂದು ಅವರು ಎಂದೋ ಕಲಿತಿದ್ದರು.

ತುಮಕೂರಿನ ಆ ವಠಾರದಲ್ಲಿ ನಾಲ್ಕು ಮನೆ, ಒಂದೇ ಗೇಟು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾಗಿದ್ದ ಷಡಕ್ಷರಿ ಆ ಗೇಟಿಗೆ ಕಣ್ಣು, ಕಿವಿ, ಬಾಯಿ ಕೂರಿಸಿ, ಅಂಗಳ ದಾಟುವಷ್ಟು ಉದ್ದದ ಎರಡು ಉಕ್ಕಿನ ತೋಳುಗಳನ್ನೂ ಜೋಡಿಸಿದ್ದರು.

“ಕಂಪ್ಯೂಟರಿಗೆ ಫೈರ್‌ವಾಲ್ ಹಾಕ್ತಾರಲ್ಲ, ಅದೇ ಬುದ್ಧಿ ಇದಕ್ಕೂ! ಒಳಗಿನೋರು ಆಚೆ ಹೋದ್ರೆ ನೆನಪಿಟ್ಕೊಂಡು, ವಾಪಸ್ ಬಂದಾಗ ಬಿಡುತ್ತೆ. ಒಳಗಿಂದ ಯಾರನ್ನಾದ್ರೂ ಕರೆದ್ರೆ, ಓಗೊಟ್ಟೋರನ್ನ ಕರೆದೋರ ಮನೆಗೇ ಮುಟ್ಟಿಸುತ್ತೆ. ತಾವಾಗೇ ಬಂದೋರಿಗೆ ಮಾತ್ರ ಜಾಗ ಇಲ್ಲ!”

“ಈ ಬಿಲ್ಲೆ ಯಾಕೆ ಅಂಕಲ್? ಎಲ್ಲದರ ಮೇಲೂ ನಿಮ್ಮ ಹೆಸರೇ ಇದೆ!” ಆಚೆ ಹೋಗುವಾಗ ಹಾಕಿಕೊಳ್ಳಲೆಂದು ಅವರು ಮನೆಮನೆಗೂ ಹಂಚಿದ್ದ ಬಿಲ್ಲೆಗಳನ್ನು ತಿರುಗಿಸಿ ನೋಡುತ್ತಾ ಪಕ್ಕದ ಮನೆಯ ಪಂಕಜಾಕ್ಷಿ ಕೇಳಿದಳು.

“ಒಳಗೆ ಯಾರ್ಯಾರಿದ್ದಾರೆ ಅಂತ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕಮ್ಮಾ? ಆಚೆ ಹೋದ್ಮೇಲೆ ಎಲ್ರಿಗೂ ಒಂದೇ ಹೆಸರು. ಯಾವ ಷಡಕ್ಷರಿ ಯಾವ ಮನೆಯೋರು ಅನ್ನೋದು ಗೇಟಿಗಷ್ಟೇ ಗೊತ್ತು!”

“ಅಯ್ಯೋ, ಹಾಗಾದ್ರೆ ನಾನೂ ಷಡಕ್ಷರೀನಾ!”

ಆ ವಾರ ನಲ್ಲಿಯಲ್ಲಿ ನೀರಿರಲಿಲ್ಲ. ಪಂಕಜಾಕ್ಷಿ ಸಂಜೆ ಗೇಟಿನ ಕಿವಿಯ ಹತ್ತಿರವೇ ನಿಂತು ಟ್ಯಾಂಕರಿಗೆ ಫೋನ್ ಮಾಡಿದಳು. ಬೆಳಿಗ್ಗೆ ಟ್ಯಾಂಕರ್ ಬಂತು. ಆ ಸದ್ದು ಕೇಳಿದ್ದೇ ತಡ, ಅವಳ ಗಂಡ ಚಂದ್ರಮೌಳಿ ಇದ್ದ ಅರ್ಧ ಬಕೆಟ್ ನೀರು ಸುರಿದುಕೊಂಡು ಮೈಗೆಲ್ಲ ಸೋಪು ಹಚ್ಚಿದ.

“ನಿಮ್ಮನ್ನು ಯಾರೂ ಕರೆದಿಲ್ಲ,” ಎಂದಿತು ಗೇಟು.

“ನಿನ್ನೆ ಫೋನ್ ಮಾಡಿದ್ರಲ್ಲಪ್ಪಾ!” ಎಂದ ಡ್ರೈವರ್ ಇನಾಯತ್.

“ನಿನ್ನೆಯದು ನೆನಪಿಲ್ಲ.”

ಇನಾಯತ್ ಪೈಪು ತೂರಿಸಲು ನೋಡಿದ. ಉಕ್ಕಿನ ತೋಳು ಅದನ್ನು ನಯವಾಗಿ ಹೊರಗೆ ತಳ್ಳಿತು. “ಪೈಪನ್ನೂ ಕರೆದಿಲ್ಲ.”

ಅಷ್ಟರಲ್ಲಿ, ಒಂದು ಗಂಟೆ ಹಿಂದೆ ಕ್ಷೌರಕ್ಕೆ ಹೋಗಿದ್ದ ಷಡಕ್ಷರಿ ಬಂದರು.

“ಯಾರು?” ಎಂದಿತು ಗೇಟು.

“ನಾನು ಕಣೋ, ಷಡಕ್ಷರಿ!”

“ಯಾವ ಷಡಕ್ಷರಿ?”

“ನಿಜವಾದ ಷಡಕ್ಷರಿ! ನಿನ್ನನ್ನ ಮಾಡಿದೋನು!”

“ಎಲ್ಲರೂ ಹಾಗೇ ಹೇಳುತ್ತಾರೆ.”

ಷಡಕ್ಷರಿ ಕಾಂಪೌಂಡಿನಾಚೆಯಿಂದ ಕೂಗಿದರು: “ಮಂಗಳಾ! ಅರ್ಧ ಗಂಟೆ ಆದ್ಮೇಲೆ ಎಲ್ಲಾ ಮರೆಯೋ ಹಾಗೆ ಇಟ್ಟಿದ್ದೆ ಕಣೇ, ಅದರ ತಲೆ ತುಂಬಿಹೋಗ್ಬಾರ್ದು ಅಂತ!”

“ನಿಮ್ಮ ತಲೆಗೂ ಹಾಗೇ ಇಟ್ಕೊಂಡಿದೀರಾ?”

“ಜಗಳ ಆಮೇಲಾಡು! ಒಳಗಿಂದ ನನ್ನ ಹೆಸರು ಹಿಡಿದು ಕರಿ, ಬಿಡುತ್ತೆ! ಬಂದು ಟ್ಯಾಂಕರಿಗೂ ದಾರಿ ಮಾಡ್ತೀನಿ!”

ಮದುವೆಯಾದಾಗಿನಿಂದ ಸರ್ವಮಂಗಳಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರೇ ಅಲ್ಲ! ಪಂಕಜಾಕ್ಷಿಯ ಮುಂದೆ ಹೇಗೆ ಕರೆಯುವುದು? ಸೆರಗು ಸರಿಮಾಡಿಕೊಂಡು, ಎಂದಿನಂತೆ “ರೀ!” ಎಂದರು.

ಬೀದಿಯಲ್ಲಿದ್ದ ಗಂಡಸರೆಲ್ಲ “ಆಂ?” ಎಂದು ತಿರುಗಿದರು! ಗೇಟು ತೆರೆಯಿತು. ಇಸ್ತ್ರಿಯವನು, ಬಾಳೆಹಣ್ಣಿನವನು, ವಾಕಿಂಗ್ ಹೊರಟಿದ್ದ ಇಬ್ಬರು ಮೇಷ್ಟ್ರು, ಎಲ್ಲರನ್ನೂ ಉಕ್ಕಿನ ತೋಳುಗಳು ಎತ್ತಿ ತಂದು ಸರ್ವಮಂಗಳಮ್ಮನ ನಡುಮನೆಯ ಸೋಫಾದ ಮೇಲೆ ಕೂರಿಸಿದವು. ಗೇಟು ಮತ್ತೆ ಮುಚ್ಚಿಕೊಂಡಿತು. ಹೆಂಡತಿಯ ಮೊದಲ ಕೂಗಿಗೆ ಓಗೊಟ್ಟ ಅಭ್ಯಾಸವೇ ಇಲ್ಲದ ಷಡಕ್ಷರಿ ಮಾತ್ರ ಹೊರಗೇ ಉಳಿದರು.

“ಕಣ್ಣುರಿ! ನೀರು!” ಬಚ್ಚಲಿನಿಂದ ಚಂದ್ರಮೌಳಿ ಅರಚಿದ.

“ಆಂಟಿ, ನಿಮ್ಮ ದಮ್ಮಯ್ಯ, ಹೇಳಿಬಿಡಿ!” ಪಂಕಜಾಕ್ಷಿ ಕೈಮುಗಿದಳು.

ಸರ್ವಮಂಗಳಮ್ಮ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು ಕೂಗಿದರು: “ಷಡಕ್ಷರೀ!”

ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಮೊದಲ ಸಲ ಕೇಳಿದ ಷಡಕ್ಷರಿ ತೆರೆದ ಬಾಯಿ ಮುಚ್ಚದೆ ನಿಂತುಬಿಟ್ಟರು. ಆ ಸಂದಿನಲ್ಲಿ ಇನಾಯತ್ ಪೈಪು ಹೊತ್ತು ಮುಂದೆ ಬಂದ.

“ಬಂದೆ! ನಾನೇ ಷಡಕ್ಷರಿ!”

ಗೇಟು ಅವನನ್ನು ಪೈಪಿನ ಸಮೇತ ಎತ್ತಿ ಕರೆದವರ ಮನೆಗೇ ಮುಟ್ಟಿಸಿ, “ಬಂದಾಯಿತು” ಎಂದು ಷಡಕ್ಷರಿಯ ಮೂಗಿನೆದುರೇ ಮುಚ್ಚಿಕೊಂಡಿತು. ಹೊರಗೆ ಟ್ಯಾಂಕರಿನ ಕ್ಲೀನರ್ ಏನೂ ತಿಳಿಯದೆ ವಾಲ್ವು ತಿರುಗಿಸಿದ. ನಡುಮನೆಯಲ್ಲಿ ನೀರು ಭೋರ್ಗರೆಯಿತು! ಮೇಷ್ಟ್ರುಗಳು ಪಂಚೆ ಎತ್ತಿಕೊಂಡು ಸೋಫಾ ಹತ್ತಿದರು. ಪಂಕಜಾಕ್ಷಿ ಹೊಸ್ತಿಲಲ್ಲೇ ಬಕೆಟ್ಟು ತುಂಬಿಕೊಂಡು ಬಚ್ಚಲಿಗೆ ಓಡಿದಳು.

“ಮಂಗಳಾ! ಇನ್ನೊಂದು ಸಲ ಕರಿಯೇ!” ಹೊರಗಿನಿಂದ ದೀನ ಸ್ವರ ಬಂತು.

ಕಣಕಾಲುದ್ದ ನೀರಿನಲ್ಲಿ ಲೋಟಗಳ ತಟ್ಟೆ ಹಿಡಿದು ನಡೆಯುತ್ತಿದ್ದ ಸರ್ವಮಂಗಳಮ್ಮ ತಿರುಗಿಯೂ ನೋಡಲಿಲ್ಲ.

“ತಾಳ್ರೀ, ಮನೆಗೆ ಬಂದೋರಿಗೆ ಮೊದಲು ಕಾಫಿ ಕೊಡ್ತೀನಿ. ಹೊರಗಿನೋರದ್ದು ಆಮೇಲೆ.”