ಅರಬಿ ಒಗೆಯುವ ಕಲ್ಲಿನ ಬಸವಣ್ಣ

ನಮ್ಮೂರು ಐಗಳಿಯಲ್ಲಿ ನಾನು ಅರ್ಥ ಹೇಳಲಾರದ ಸಂಗತಿ ಯಾವುದೂ ಇಲ್ಲ. ಅಥಣಿಯ ಅಂಗಡಿಯವರು ಚಪ್ಪಲಿಗೆ ಸಾವಿರ ಎನ್ನದೆ ಒಂಬೈನೂರ ತೊಂಬತ್ತೊಂಬತ್ತು ಎಂದು ಯಾಕೆ ಬರೆಯುತ್ತಾರೆ ಎಂಬುದನ್ನು ಹೆಂಡತಿ ಶಾಂತವ್ವನಿಗೆ ಬಸ್ಸು ಊರು ಮುಟ್ಟುವ ತನಕ ವಿವರಿಸಿದ್ದೇನೆ. ಅವಳು ನಿದ್ದೆ ಹೋಗಿದ್ದು ಬೇರೆ ಮಾತು.

ಇಂಥ ನನಗೆ ಅವಳು ಒಂದು ದಿನ ಸಣ್ಣ ಕೆಲಸ ಹೇಳಿದಳು. ಹಿತ್ತಲಲ್ಲಿ ಅರಬಿ ಒಗೆಯುವ ಕಲ್ಲು ಅಲುಗಾಡುತ್ತಿತ್ತು, ಅದರ ಅಡಿಯಲ್ಲಿ ಒಂದು ಕಲ್ಲಿನ ಚೂರು ಇಡಬೇಕಿತ್ತು. ನಮ್ಮಜ್ಜ ಯಾವುದೋ ಹೊಲದ ಬದುವಿನಿಂದ ಕಿತ್ತು ತಂದ ಕಲ್ಲು ಅದು. ಮಗುಚಿ ನೋಡಿದರೆ ಅಡಿಯಲ್ಲಿ ಸೂರ್ಯ, ಚಂದ್ರ, ಕೆಳಗೊಂದು ನಾಲ್ಕು ಕಾಲಿನ ಪ್ರಾಣಿ!

ಬಸವಣ್ಣ ಎಂದು ತೀರ್ಪು ಕೊಟ್ಟೆ. ಹಗಲೂ ರಾತ್ರಿ ಮನೆ ಕಾಯುತ್ತಾನೆಂದು ಅರ್ಥ ಎಂದೂ ಸಾರಿದೆ. ಕೊಂಬು ಎಲ್ಲಿ ಎಂದು ಅವಳು ಕೇಳಿದಳು. ಸವೆದಿವೆ ಎಂದೆ.

ಸಂಜೆಯೊಳಗೆ ಓಣಿಯ ನಾಲ್ವರು ಸೇರಿ ಕಲ್ಲನ್ನು ಅಂಗಳದಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದೆವು. ಜನ ಬಂದು ಕಾಯಿ ಒಡೆದರು. ಶಾಂತವ್ವ ಮಾತ್ರ ಸೆರಗು ಸಿಗಿಸಿಕೊಂಡು ನಿಂತಿದ್ದಳು.

"ನಾ ಅರಬಿ ಎಲ್ಲಿ ಒಗೀಲಿ? ಇಪ್ಪತ್ತ ವರ್ಷ ಕೈಗೆ ಹೊಂದಿದ ಕಲ್ಲ ಅದು."

ಭಕ್ತಿಯ ಭರದಲ್ಲಿ ನಾನು, ಒಗೆಯಲು ಕಲ್ಲಿರುವ ದ್ರಾಕ್ಷಿ ತೋಟದ ಬಾವಿಯ ತನಕ ಅರಬಿ ಗಂಟು ನಾನೇ ಹೊರುತ್ತೇನೆ ಎಂದು ಹತ್ತು ಜನರೆದುರು ಮಾತು ಕೊಟ್ಟುಬಿಟ್ಟೆ. ಬಾವಿ ಎರಡು ಕಿಲೋಮೀಟರ್! ದಿನಾ ಶಾಂತವ್ವ ನನ್ನ ಪರಿಚಯವೇ ಇಲ್ಲದವಳಂತೆ ಮುಂದೆ ಮುಂದೆ ನಡೆಯುತ್ತಿದ್ದಳು.

ಎಂಟನೆಯ ದಿನ ನಾವು ಹೊರಡುವಾಗ ಕುರಿ ಕಾಯುವ ಸಿದ್ದಪ್ಪ ನೀರು ಕೇಳಲು ಬಂದ. ಬಗ್ಗಿ ಕಲ್ಲಿನ ಮೇಲಿನ ಪ್ರಾಣಿಯ ಕಿವಿ ನೋಡಿದ.

"ಕಾಕಾ, ಇದು ಬಸವಣ್ಣ ಅಲ್ರಿ, ಕತ್ತೆ. ನಮ್ಮೂರಾಗೂ ಇಂಥಾ ಕಲ್ಲ ಐತಿ. ದಾನ ಕೊಟ್ಟ ಹೊಲ ಸೂರ್ಯ-ಚಂದ್ರ ಇರೂತನಕ ನಡೀಲಿ ಅಂತ ನಿಲ್ಲಸ್ತಿದ್ರಂತ. ಕಿತ್ತಾವ ಕತ್ತೆ ಆಗ್ಲಿ ಅಂತ ಶಾಪ."

ಮೊದಲು ಕಿತ್ತವನು ಅಜ್ಜ. ಎರಡನೆಯವನು ನಾನು. ಆ ಹೊತ್ತಿಗೆ ನನ್ನ ಬೆನ್ನ ಮೇಲೆ ಅರಬಿ ಗಂಟಿತ್ತು. ಮೂರನೆಯ ಸಲ ಕಿತ್ತು ಹಿತ್ತಲಿಗೆ ಒಯ್ಯುವ ಧೈರ್ಯ ನನಗಿರಲಿಲ್ಲ.

ಶಾಂತವ್ವ ನಗಲಿಲ್ಲ. ಅದು ಅವಳ ದೊಡ್ಡತನ, ಅದಕ್ಕೇ ಅವಳನ್ನು ಕಂಡರೆ ನನಗೆ ಪ್ರೀತಿ. ಬಾಯಿಗೆ ಸೆರಗು ಒತ್ತಿ ಹಿಡಿದು, "ನಡೀರಿ, ಬಿಸಲ ಏರತೈತಿ" ಎಂದಳು ಅಷ್ಟೇ.

ಅವತ್ತು ಮಾತ್ರ ಅವಳು ನನ್ನ ಹಿಂದೆ ನಡೆದಳು. ಕೈಯಲ್ಲಿ ಕೋಲೊಂದೇ ಕಡಿಮೆ.