ಬಾಯಿಂದ ಬಾರದ ಗುಟ್ಟಿನ ಪದ

ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ನಗೋದಕ್ಕೆ ಬರ ಅನ್ನೋದೇ ಇರಲಿಲ್ಲ ಬಿಡಿ. ತೊಂಬತ್ತರ ದಶಕದ ಕೊನೆ. ಶಿಕಾರಿಪುರದಲ್ಲಿ ರೈತರ ಪಹಣಿ ವಿವರ ಟೈಪ್ ಮಾಡೋ ತಾತ್ಕಾಲಿಕ ಕೆಲಸ ನನ್ನದು.

ಬಾಯಿಚಾಳಿ

ಮೇಲಿನಿಂದ ಆದೇಶ ಬಂತು. ವಿವರಕ್ಕೆಲ್ಲ ಗುಟ್ಟಿನ ಪದದ ಬೀಗ ಹಾಕಬೇಕು, ಆ ಪದ ಹೊಡೆಯದೆ ತೆರೆದರೆ ಬರೀ ಗೀಚು ಕಾಣಬೇಕು. ತಪಾಸಣೆಯಲ್ಲಿ ತಪ್ಪು ಸಿಕ್ಕರೆ ಕಂಪ್ಯೂಟರ್ ಪಕ್ಕದ ತಾಲ್ಲೂಕು ಸೊರಬಕ್ಕೆ, ನಾನು ಮನೆಗೆ.

ನಮ್ಮ ಮನೆದೇವರ ಹೆಸರಿಟ್ಟೆ. ಆದರೆ ಏನೇ ಟೈಪ್ ಮಾಡಿದರೂ ಬಾಯಲ್ಲಿ ಹೇಳಿಕೊಂಡೇ ಮಾಡೋದು ನನ್ನ ಹಾಳು ಚಾಳಿ. ಮಾರನೇ ದಿನ ಚಹಾ ತಂದವನು, “ಅಕ್ಕಾರೆ, ವೀರಭದ್ರ ಅಂತ ಹೊಡದ್ರಾ? ಬೀಗ ತೆಗೀತಾ?” ಅಂದ.

ಹೆಡ್ ಕ್ಲರ್ಕ್ ಸಿಡುಕಿದರು. “ಸತ್ರೂ ನಿಮ್ಮ ಬಾಯಿಂದ ಬರದೇ ಇರೋ ಪದ ಯಾವುದಾದ್ರೂ ಐತೇನ್ರೀ?”

ಇತ್ತು. ನಮ್ಮ ಯಜಮಾನರ ಹೆಸರು! ಮದುವೆಯ ದಿನ ಒಗಟು ಕಟ್ಟಿ ಹೇಳಿದ್ದೇ ಕೊನೆ. ಅದನ್ನೇ ಇಟ್ಟೆ, ತುಟಿ ಬಿಗಿಹಿಡಿದು.

ಶಾಸನ

ಒಮ್ಮೆ ಅವಸರದಲ್ಲಿ ಪದ ತಪ್ಪಿತು. ಪರದೆ ತುಂಬಾ ಗೀಚು. ಪಹಣಿಗೆ ಬಂದಿದ್ದ ತಾಳಗುಂದದ ಅಜ್ಜ ಬಗ್ಗಿ ನೋಡಿದ. “ನಮ್ಮೂರ ಕಲ್ಲಿನ ಮ್ಯಾಲೂ ಹಿಂಗೇ ಐತಿ ನೋಡವ್ವಾ. ಅದನ್ನ ಓದಾಕ ದೊಡ್ಡ ದೊಡ್ಡೋರು ಬರ್ತಾರ. ನನ್ನ ಹೊಲ ಓದೋರು ಯಾವಾಗ ಬರ್ತಾರ?”

ತಪಾಸಣೆ

ಆ ದಿನ ಬಂದೇ ಬಂತು. ಶಿವಮೊಗ್ಗದ ಸಾಹೇಬರು ಎಲ್ಲ ನೋಡಿ, “ಗುಟ್ಟಿನ ಪದ ಏನಮ್ಮಾ?” ಅಂದರು.

“ಹೇಳಾಕ್ಕಾಗಲ್ಲ ಸಾರ್.”

“ನಾನು ಮೇಲಧಿಕಾರಿ ಕಣಮ್ಮಾ!”

“ದೇವ್ರೇ ಬಂದು ಕೇಳಿದ್ರೂ ಬರಲ್ಲ ಸಾರ್.” ಕೆಲಸ ಹೋಯ್ತು ಅಂದುಕೊಂಡೆ.

“ಭೇಷ್! ಬೇರೆ ಕಡೆ ಕೇಳೋ ಮುಂಚೆನೇ ಹೇಳಿಬಿಟ್ರು. ಹಿಂಗಿರಬೇಕು!” ಅಂತ ಅವರು ರುಜು ಹಾಕಲು ಪೆನ್ನು ತೆಗೆದರು. ನನಗೆ ಹೋದ ಜೀವ ಬಂದಂತಾಯಿತು. ಪೆನ್ನು ಕಾಗದಕ್ಕೆ ತಾಗೋ ಹೊತ್ತಿಗೆ ತಲೆ ಎತ್ತಿದರು. “ತಿಂಗಳಿಗೊಮ್ಮೆ ಬದಲಾಯಿಸ್ತೀರಿ ತಾನೆ? ನಿಯಮ ಇದೆ.”

“ಶಿವ ಶಿವಾ!” ಕಿವಿ ಮುಚ್ಚಿಕೊಂಡೆ. “ಎಂಥ ಮಾತು ಸಾರ್! ಏಳೇಳು ಜನ್ಮಕ್ಕೂ ನಂಗೆ ಅವರೇ!”

ಹೆಡ್ ಕ್ಲರ್ಕ್ ಹಣೆ ಚಚ್ಚಿಕೊಂಡರು. ಸಾಹೇಬರು ನನ್ನ ತಾಳಿ ನೋಡಿದರು, ಕಂಪ್ಯೂಟರ್ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ರುಜು ಹಾಕಿದರು.

“ಅವರನ್ನ ಬದಲಾಯಿಸಬೇಡಮ್ಮಾ ತಾಯಿ, ಪದ ಬದಲಾಯಿಸು ಸಾಕು!”